ಏಡಿಯೂ ಅರ್ಬುದವೂ

ಪಂಚಾಂಗದ ಕರ್ಕಾಟಕ ರಾಶಿಗೂ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿಗೂ ಏಡಿಯ ನಂಟು. ಹಿಪೊಕ್ರೆಟಿಸ್‌ನ ಹೆಸರಿನಲ್ಲಿರುವ ಗ್ರೀಕ್ ಗ್ರಂಥಗಳು ಮಾಯದ ಹುಣ್ಣು, ಗಡ್ಡೆಗಳನ್ನು 'ಕಾರ್ಕಿನೋಸ್' ಎಂದವು, ಅಂದರೆ ಏಡಿ. ರೋಮಿನ ಸೆಲ್ಸಸ್ ಒಂದನೆಯ ಶತಮಾನದಲ್ಲಿ ಅದನ್ನು ಲ್ಯಾಟಿನ್ನಿನ 'ಕ್ಯಾನ್ಸರ್' ಮಾಡಿದ. ಗಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲಿನಂತಿವೆ ಎಂದು ಕಾರಣ ಕೊಟ್ಟವನು ವೈದ್ಯ ಗೇಲನ್. ನಮ್ಮ 'ಏಡಿಗಂತಿ' ಇದೇ ಚಿತ್ರದ ಕನ್ನಡ ರೂಪ. ಪುಸ್ತಕದಲ್ಲಿ ಉಳಿಯಿತು, ಜನರ ಬಾಯಿಗೆ ಹತ್ತಲಿಲ್ಲ.

ಕ್ಯಾನ್ಸರಿನ ಇನ್ನೊಂದು ಹೆಸರಾದ 'ಅರ್ಬುದ'ದ ದಾರಿ ಬೇರೆ. ಲೆಕ್ಕದಲ್ಲಿ ಅದು ಹತ್ತು ಕೋಟಿ, ರಾಜಸ್ಥಾನದಲ್ಲಿ ಅಬು ಬೆಟ್ಟ. ಆಯುರ್ವೇದದ ಸುಶ್ರುತನಿಗೆ ಮಾತ್ರ ಮೈಮೇಲಿನ ಗಡ್ಡೆ: ದುಂಡಗೆ, ಅಲುಗದೆ, ಆಳಕ್ಕೆ ಬೇರುಬಿಟ್ಟು, ನಿಧಾನವಾಗಿ ಬೆಳೆಯುವಂಥದ್ದು, ಕೀವಾಗುವುದಿಲ್ಲ, ನೋವೂ ಅಷ್ಟಕ್ಕಷ್ಟೆ. ನಿರಪಾಯದ ಗಡ್ಡೆಗಳೂ ಈ ವರ್ಣನೆಯೊಳಗೆ ಬರುತ್ತವೆ, ನಿಜ. ಆದರೂ ಚರ್ಮದ ಕ್ಯಾನ್ಸರಿನ ಮಟ್ಟಿಗೆ ಏಡಿಗಿಂತ ಅರ್ಬುದವೇ ನನಗೆ ಹೆಚ್ಚು ಒಪ್ಪುತ್ತದೆ. ಏಡಿ ರೂಪವನ್ನಷ್ಟೇ ಹೇಳುತ್ತದೆ, ಅರ್ಬುದದ ವಿವರಣೆಯಲ್ಲಿ ರೋಗದ ನಡತೆಯಿದೆ. ನೋವಿಲ್ಲವೆಂದೇ ಅಲ್ಲವೆ ಜನ ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡು ಕೂರುವುದು?

ನೋವಿಗಾಗಿ ಕಾಯಬಾರದು. ಮಾಯದ ಹುಣ್ಣು, ಮತ್ತೆಮತ್ತೆ ರಕ್ತ ಜಿನುಗುವ ಗುಳ್ಳೆ, ಅಂಚು ಅಡ್ಡಾದಿಡ್ಡಿಯಾಗಿ ಬಣ್ಣ ಬದಲಿಸುವ ಮಚ್ಚೆ ಕಂಡರೆ ಚರ್ಮರೋಗ ತಜ್ಞರಿಗೆ ತೋರಿಸಬೇಕು. ಕಪ್ಪು ಮೈಬಣ್ಣದವರಿಗೆ ಈ ರೋಗ ಕಡಿಮೆ, ಆದರೆ ಬಾರದೇ ಇರುವುದಿಲ್ಲ. ಗ್ರೀಕಿನಲ್ಲಿ ಕಪ್ಪು ಎಂಬರ್ಥದ 'ಮೆಲಸ್'ನಿಂದ ಹುಟ್ಟಿದ ಮೆಲನೋಮ ಇಂಥವರಲ್ಲಿ ಬಿಸಿಲು ಸೋಕದ ಅಂಗಾಲಿನಲ್ಲಿ, ಉಗುರಿನಡಿಯ ಕಪ್ಪು ಗೆರೆಯಲ್ಲಿ ಅಡಗಿರಬಹುದು. ಅದು ಬೇಗ ಹರಡಲೂಬಹುದು. ಹಳೆಯ ಸುಟ್ಟ ಕಲೆಯಲ್ಲೂ ಕ್ಯಾನ್ಸರ್ ಏಳುತ್ತದೆ. ಚಳಿಗೆ ಕಾಂಗಡಿ ಎಂಬ ಕೆಂಡದ ಮಡಕೆಯನ್ನು ಫಿರನ್ ಎಂಬ ನಿಲುವಂಗಿಯೊಳಗೆ ಇಟ್ಟುಕೊಳ್ಳುವ ಕಾಶ್ಮೀರಿಗಳ ಹೊಟ್ಟೆ, ತೊಡೆಗಳ ಚರ್ಮದಲ್ಲಿ ಬರುವ ಕ್ಯಾನ್ಸರಿಗೆ ವೈದ್ಯರು ಕಾಂಗಡಿಯ ಹೆಸರನ್ನೇ ಇಟ್ಟಿದ್ದಾರೆ.

ಚೂರು ತೆಗೆದು ಬಯಾಪ್ಸಿ ಮಾಡಿದರೆ ರೋಗ ಖಚಿತವಾಗುತ್ತದೆ. ಚಿಕಿತ್ಸೆ ಬಹುಪಾಲು ಶಸ್ತ್ರಕ್ರಿಯೆಯೇ. ಕೆಲವರಿಗೆ ವಿಕಿರಣ, ಹರಡಿದ ಮೆಲನೋಮಕ್ಕೆ ಇಮ್ಯುನೊಥೆರಪಿ. ಅರ್ಬುದವನ್ನು ಕೊಂಚವೂ ಉಳಿಸದೆ ಕೀಳಬೇಕು, ಉಳಿದದ್ದು ಬೆಂಕಿಯ ಹಾಗೆ ಕೊಲ್ಲುತ್ತದೆ ಎಂದು ಸುಶ್ರುತ ಎಚ್ಚರಿಸಿದ್ದ. ಇಂದಿನ ಸರ್ಜನ್ನರು ಗಡ್ಡೆಯ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿಯೇ ಕತ್ತರಿಸುತ್ತಾರೆ. ಅಮೆರಿಕದ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಂತೂ ಒಂದೊಂದೇ ಪದರ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಂಚಿನಲ್ಲಿ ಕ್ಯಾನ್ಸರ್ ಕೋಶ ಕಂಡರೆ ಆ ಜಾಗದಲ್ಲಷ್ಟೇ ಇನ್ನೊಂದು ಪದರ.