ಚಿತ್ರದುರ್ಗ ಜಿಲ್ಲೆಯಲ್ಲಿ ಬೇಸಿಗೆ ಚಾರಣ: ಕೆರೆ, ಹೊಳೆ ಮತ್ತು ಝರಿಯ ಹಾದಿಗಳು

ಪೀಠಿಕೆ

ಚಿತ್ರದುರ್ಗ ಜಿಲ್ಲೆಯು ರಾಜ್ಯದ ಬಯಲುಸೀಮೆಯಲ್ಲಿದ್ದು, ಕಡಿಮೆ ಮಳೆ ಬೀಳುವ ಪ್ರದೇಶಕ್ಕೆ ಸೇರಿರುತ್ತದೆ. ಮಲೆನಾಡಿನಲ್ಲಿರುವಂತೆ ವರ್ಷದ ಬಹುಕಾಲ ಧುಮುಕುವ ಜಲಪಾತಗಳು ಇಲ್ಲಿಲ್ಲ. ಬಿದ್ದ ಮಳೆಯನ್ನು ಬೆಟ್ಟಗಳ ನಡುವೆ ತಡೆದು ನಿಲ್ಲಿಸಿದ ಕೆರೆ, ಹೊಂಡ ಹಾಗೂ ಅಣೆಕಟ್ಟೆಗಳೇ ಈ ನಾಡಿನ ಜಲಸಂಪತ್ತು. ಬೇಸಿಗೆಯ ರಜೆಯಲ್ಲಿ ಗೆಳೆಯರೊಡನೆ ಚಾರಣಕ್ಕೆ ಬರುವವರು ಈ ನೀರಿನ ದಂಡೆಗಳಲ್ಲೇ ನಡೆಯುತ್ತಾರೆ. ಅಂತಹ ಪ್ರಮುಖ ತಾಣಗಳ ಪರಿಚಯ ಮತ್ತು ಪಾಲಿಸಬೇಕಾದ ಎಚ್ಚರಿಕೆಗಳನ್ನು ಇಲ್ಲಿ ನೀಡಲಾಗಿದೆ.

ಚಂದ್ರವಳ್ಳಿ

ಚಿತ್ರದುರ್ಗ ನಗರಕ್ಕೆ ಹೊಂದಿಕೊಂಡಂತೆ, ಬೆಟ್ಟಗಳ ನಡುವಿನ ಕಣಿವೆಯಲ್ಲಿ ಚಂದ್ರವಳ್ಳಿ ಕೆರೆಯಿದೆ. ಇಲ್ಲಿನ ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲಿರುವ, ಕದಂಬ ಮಯೂರಶರ್ಮನ ಪ್ರಾಕೃತ ಶಾಸನವು ಕೆರೆಯ ನಿರ್ಮಾಣವನ್ನು ಉಲ್ಲೇಖಿಸುತ್ತದೆ. ಇದು ಕ್ರಿ.ಶ. 4ನೆಯ ಶತಮಾನದ್ದು. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಹಾಗೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇಲ್ಲಿ ನಡೆಸಿದ ಉತ್ಖನನಗಳು ಪ್ರಸಿದ್ಧವಾಗಿವೆ. ಶಾತವಾಹನರ ನಾಣ್ಯಗಳಲ್ಲದೆ ರೋಮನ್ ನಾಣ್ಯಗಳೂ ಈ ಸ್ಥಳದಲ್ಲಿ ದೊರೆತಿವೆ. ಕೆರೆಯ ದಂಡೆಯ ಹಾದಿ ಹೆಚ್ಚು ಕಠಿಣವಲ್ಲ. ಹಿರಿಯರೂ ಮಕ್ಕಳೂ ನಿಧಾನವಾಗಿ ನಡೆಯಬಹುದು. ಸಮೀಪದ ಅಂಕಲಿ ಮಠದ ನೆಲದಡಿಯ ಗುಹೆಗಳಲ್ಲಿ ಬೆಳಕಿಲ್ಲ. ಟಾರ್ಚ್ ಹಾಗೂ ಸ್ಥಳ ಬಲ್ಲವರ ನೆರವಿಲ್ಲದೆ ಒಳಹೋಗಬಾರದು.

ಕೋಟೆಯ ಹೊಂಡಗಳು

ಏಳು ಸುತ್ತಿನ ಕೋಟೆಯು ದೀರ್ಘ ಮುತ್ತಿಗೆಗಳನ್ನು ತಾಳಿಕೊಂಡದ್ದು ಕಲ್ಲಿನ ಬಲದಿಂದ ಮಾತ್ರವಲ್ಲ. ಅದರಲ್ಲಿ ನೀರಿನ ಸಂಗ್ರಹದ ಪಾಲೂ ಇದೆ. ಬೆಟ್ಟದ ಮೇಲೆ ಬಿದ್ದ ಮಳೆಯು ಗೋಪಾಲಸ್ವಾಮಿ ಹೊಂಡದಲ್ಲಿ ನಿಂತು, ಅದು ತುಂಬಿದ ನಂತರ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೂ ಕೆಳಗಿನ ಇತರ ಹೊಂಡಗಳಿಗೂ ಇಳಿಯುವ ಏರ್ಪಾಡು ಇತ್ತು. ಒನಕೆ ಓಬವ್ವನ ಕಥನದಲ್ಲಿಯೂ ಆಕೆ ಶತ್ರುಗಳನ್ನು ಕಂಡದ್ದು ನೀರು ತರಲು ಹೋದಾಗಲೇ. ಈ ಹೊಂಡಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದರೆ ಅಂದಿನ ಜಲ ನಿರ್ವಹಣೆಯ ಜಾಣ್ಮೆ ಮನವರಿಕೆಯಾಗುತ್ತದೆ.

ಜೋಗಿಮಟ್ಟಿ ಮತ್ತು ಹಿಮವತ್ ಕೇದಾರ

ನಗರದ ದಕ್ಷಿಣಕ್ಕಿರುವ ಜೋಗಿಮಟ್ಟಿ ಗಿರಿಧಾಮವು ಅರಣ್ಯ ಪ್ರದೇಶದಿಂದ ಆವೃತವಾಗಿದೆ. ಇಲ್ಲಿನ ಹಿಮವತ್ ಕೇದಾರವು ಮಳೆಗಾಲದ ಝರಿ. ಬೇಸಿಗೆಯಲ್ಲಿ ಜಲಪಾತವನ್ನು ನಿರೀಕ್ಷಿಸಿ ಬಂದವರಿಗೆ ಬರಿಯ ಬಂಡೆಯೇ ಕಾಣುವುದುಂಟು. ಝರಿಯ ಸೊಬಗನ್ನು ಬಯಸುವವರು ಮುಂಗಾರು ಬಲಗೊಂಡ ನಂತರ ಬರುವುದು ಸೂಕ್ತ. ಕರಡಿ, ಚಿರತೆ, ನವಿಲು ಮೊದಲಾದ ವನ್ಯಜೀವಿಗಳು ಈ ಕಾಡಿನಲ್ಲಿವೆ. ಬೇಸಿಗೆಯಲ್ಲಿ ಉಳಿದಿರುವ ನೀರಿನ ಗುಂಡಿಗಳೇ ಇವುಗಳಿಗೆ ಆಸರೆಯಾಗಿರುವುದರಿಂದ ಮುಂಜಾನೆಯ ಮಬ್ಬಿನಲ್ಲಿ ಹಾಗೂ ಸಂಜೆ ಅಂತಹ ಸ್ಥಳಗಳಲ್ಲಿ ನಿಲ್ಲಬಾರದು. ಚಾರಣಕ್ಕೆ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು. ಒಣಹುಲ್ಲಿನ ಈ ದಿನಗಳಲ್ಲಿ ಒಂದು ಬೀಡಿಯ ಕಿಡಿಯೂ ಗುಡ್ಡವನ್ನೇ ಸುಡಬಲ್ಲದು.

ವೇದಾವತಿ ಮತ್ತು ವಾಣಿವಿಲಾಸ ಸಾಗರ

ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕೂಡಿ ವೇದಾವತಿಯಾಗುತ್ತವೆ. ಈ ನದಿಯು ಹೊಸದುರ್ಗ ಹಾಗೂ ಹಿರಿಯೂರು ತಾಲ್ಲೂಕುಗಳ ಮೂಲಕ ಹರಿದು, ಮುಂದೆ ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತದೆ. ಹಿರಿಯೂರು ತಾಲ್ಲೂಕಿನಲ್ಲಿ ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಿನಲ್ಲಿ ನದಿಗೆ ಅಡ್ಡಲಾಗಿ ಕಟ್ಟಿರುವ ಕಲ್ಲಿನ ಅಣೆಕಟ್ಟೆಯೇ ಮಾರಿಕಣಿವೆ, ಅರ್ಥಾತ್ ವಾಣಿವಿಲಾಸ ಸಾಗರ. ಕಣಿವೆ ಮಾರಮ್ಮನ ಗುಡಿಯಿಂದ ಮೊದಲ ಹೆಸರು ಬಂದಿದೆ. ಮೈಸೂರಿನ ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಅವರ ಸ್ಮರಣೆಯಲ್ಲಿ ಎರಡನೆಯದು. ಕಾಮಗಾರಿಯು 1898ರಲ್ಲಿ ಆರಂಭವಾಗಿ 1907ರಲ್ಲಿ ಪೂರ್ಣಗೊಂಡಿತು.

ಜಲಾಶಯದ ಸಾಮರ್ಥ್ಯ ಸುಮಾರು 30 ಟಿಎಂಸಿ. ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ನಂತರ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ಬಳಿಕ, 2022ರಲ್ಲಿ. 2025ರ ಜನವರಿಯಲ್ಲಿಯೂ ಜಲಾಶಯ ತುಂಬಿ ಹರಿಯಿತು. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಹರಿದುಬಂದ ನೀರೂ ಇದಕ್ಕೆ ನೆರವಾಯಿತು. ಕೋಡಿಯಲ್ಲಿ ಭೋರ್ಗರೆದ ನೀರನ್ನು ನೋಡಲು ನೆರೆದ ಹಿರಿಯರಲ್ಲಿ ಬಹುತೇಕರಿಗೆ 2022ರದ್ದು ಜೀವಮಾನದಲ್ಲೇ ಮೊದಲ ನೋಟವಾಗಿತ್ತು. ಈ ನೀರು ನಾಲೆಗಳ ಮೂಲಕ ಹಿರಿಯೂರು ಸೀಮೆಯ ತೆಂಗು, ಅಡಿಕೆ ತೋಟಗಳಿಗೂ, ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಪಟ್ಟಣಗಳ ಕುಡಿಯುವ ಬಳಕೆಗೂ ಒದಗುತ್ತದೆ. ಆದ್ದರಿಂದ ದಂಡೆಯಲ್ಲಿ ಬಿಟ್ಟುಹೋದ ಕಸವು ಕುಡಿಯುವ ನೀರಿಗೆ ಬಿದ್ದ ಕಸವೆಂದೇ ತಿಳಿಯಬೇಕು.

ನೀರಿನ ಬಳಿ ವಹಿಸಬೇಕಾದ ಎಚ್ಚರ

ಬೇಸಿಗೆಯಲ್ಲಿ ನೀರು ಇಳಿದಿರುವುದರಿಂದ ಅಪಾಯವಿಲ್ಲವೆಂದು ಭಾವಿಸುವುದು ತಪ್ಪು. ದಂಡೆಯ ಕೆಸರು ಮೇಲೆ ಒಣಗಿ ಗಟ್ಟಿಯಾದಂತೆ ಕಂಡರೂ ಒಳಗೆ ಮೆತ್ತಗಿದ್ದು, ಕಾಲು ಹೂತುಹೋಗುತ್ತದೆ. ಹೂಳು ಅಥವಾ ಮಣ್ಣು ತೆಗೆದ ಕೆರೆಗಳಲ್ಲಿ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳವಾದ ಗುಂಡಿಗಳಿರುತ್ತವೆ. ಹೊಂಡಗಳ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ. ಗುಂಪಿನಲ್ಲಿ ಒಬ್ಬನು ಮುಳುಗಿದಾಗ ಅವನನ್ನು ಉಳಿಸಲು ಈಜು ಬಾರದ ಗೆಳೆಯನೂ ನೀರಿಗಿಳಿಯುವುದರಿಂದ ಒಂದು ಅವಘಡ ಎರಡು, ಮೂರು ಸಾವುಗಳಲ್ಲಿ ಕೊನೆಗೊಳ್ಳುವುದುಂಟು. ಅಂತಹ ಸಮಯದಲ್ಲಿ ದಂಡೆಯಲ್ಲೇ ನಿಂತು ಹಗ್ಗ, ಪಂಚೆ, ಉದ್ದನೆಯ ಕೋಲು ಅಥವಾ ಮುಚ್ಚಳ ಬಿಗಿದ ಖಾಲಿ ಕೊಡವನ್ನು ಅವನತ್ತ ಚಾಚಬೇಕು ಅಥವಾ ಎಸೆಯಬೇಕು. ಕೂಗಿ ಊರವರನ್ನು ಕರೆಯಬೇಕು.

ಸಾಮಾನ್ಯ ಸೂಚನೆಗಳು

1. ಬೆಳಕು ಹರಿದ ಮೇಲೆ ಹೊರಟು, ಬಿಸಿಲೇರುವ ಮುನ್ನ ಅಂದರೆ 10 ಗಂಟೆಯೊಳಗೆ ನಡಿಗೆ ಮುಗಿಸುವುದು ಒಳ್ಳೆಯದು.

2. ತಲೆಗೊಬ್ಬರಂತೆ ಕನಿಷ್ಠ 3 ಲೀಟರ್ ಕುಡಿಯುವ ನೀರು, ಟೋಪಿ ಅಥವಾ ಟವೆಲ್, ಮಜ್ಜಿಗೆ ಇಲ್ಲವೆ ಉಪ್ಪು-ಸಕ್ಕರೆ ಬೆರೆಸಿದ ಪಾನಕ ಜೊತೆಗಿರಲಿ.

3. ತಲೆಸುತ್ತು, ವಾಕರಿಕೆ ಕಂಡುಬಂದವರನ್ನು ಕೂಡಲೇ ನೆರಳಿಗೆ ಕರೆತಂದು ಮೈಯನ್ನು ಒದ್ದೆ ಬಟ್ಟೆಯಿಂದ ತಂಪುಗೊಳಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

4. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುವುದರಿಂದ ಹೊಗೆ ಹಾಕುವುದು, ಕಲ್ಲೆಸೆಯುವುದು ಸಲ್ಲದು.

5. ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ ಮಧ್ಯಾಹ್ನದ ನಂತರ ಗುಡುಗು ಸಿಡಿಲು ಸಾಮಾನ್ಯ. ಮೋಡ ಕವಿದ ಕೂಡಲೇ ಬೆಟ್ಟದ ನೆತ್ತಿ, ಒಂಟಿ ಮರ ಹಾಗೂ ನೀರಿನ ದಂಡೆಯಿಂದ ದೂರ ಸರಿಯಬೇಕು.

6. ಹೋಗುವ ಹಾದಿ ಹಾಗೂ ಮರಳುವ ವೇಳೆಯನ್ನು ಮನೆಯವರಿಗೆ ತಿಳಿಸಿ ಹೊರಡಬೇಕು. ಗುಂಪು ಚದುರದೆ, ಹಿಂದುಳಿದವರ ನಡಿಗೆಗೆ ಹೊಂದಿಕೊಂಡು ಸಾಗಬೇಕು.

ತಲುಪುವ ಬಗೆ

ಚಿತ್ರದುರ್ಗವು ಬೆಂಗಳೂರಿನಿಂದ ಸುಮಾರು 200 ಕಿ.ಮೀ., ಹಿರಿಯೂರಿನಿಂದ ಸುಮಾರು 40 ಕಿ.ಮೀ. ದೂರದಲ್ಲಿದ್ದು, ಎರಡೂ ಊರುಗಳಿಗೆ ಬಸ್ ಸೌಲಭ್ಯವಿದೆ. ವಾಣಿವಿಲಾಸ ಸಾಗರವು ಹಿರಿಯೂರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ. ತುರ್ತು ಸಂದರ್ಭಗಳಲ್ಲಿ 112, ಆಂಬುಲೆನ್ಸ್ ಸೇವೆಗೆ 108 ಸಂಖ್ಯೆಗೆ ಕರೆ ಮಾಡಬಹುದು.