ಲೋಹ ಕೊಯ್ಯುವ ಗರಗಸ ಮತ್ತು ಬ್ಲೇಡು: ಕರಾವಳಿಯ ಮನೆಗೆಲಸಕ್ಕೆ

ಲೋಹ ಕತ್ತರಿಸುವ ಸಾಧನಗಳಲ್ಲಿ ಎರಡು ಜಾತಿ. ಹ್ಯಾಕ್ಸಾ, ಜಿಗ್‌ಸಾ, ಬ್ಯಾಂಡ್‌ಸಾಗಳು ಹಲ್ಲಿನಿಂದ ಕೊಯ್ಯುತ್ತವೆ. ಗ್ರೈಂಡರಿಗೆ ಹಾಕುವ ಕಟಿಂಗ್ ವೀಲ್ ಗಟ್ಟಿ ಹರಳುಗಳಿಂದ ಉಜ್ಜಿ ಸವೆಸುತ್ತದೆ. ಕುಂದಾಪುರ ತಾಲೂಕಿನ ಗುಲ್ವಾಡಿಯಂಥ ಊರಿನ ಮನೆಯಲ್ಲಿ ಇವುಗಳ ಕೆಲಸ ಬೀಳುವುದು ಅಂಗಳಕ್ಕೆ ಶೀಟಿನ ಮಾಡು ಇಳಿಸುವಾಗ, ಪಂಪಿನ ಜಿಐ ಪೈಪು ಬದಲಿಸುವಾಗ, ಗೇಟು ಅಥವಾ ಹಟ್ಟಿಯ ಸರಳು ರಿಪೇರಿ ಮಾಡುವಾಗ. ಸಮುದ್ರ ದೂರವಿಲ್ಲ. ಗಾಳಿಯಲ್ಲಿ ಉಪ್ಪಿದೆ, ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುತ್ತದೆ. ಹಾಗಾಗಿ ಇಲ್ಲಿ ಗರಗಸ ಆರಿಸುವವರು ಮೊದಲು ನೋಡಬೇಕಾದ್ದು ಅದು ಎಷ್ಟು ಬೇಗ ಕೊಯ್ಯುತ್ತದೆ ಎಂಬುದನ್ನಲ್ಲ, ಕೊಯ್ದ ಅಂಚನ್ನು ಯಾವ ಸ್ಥಿತಿಯಲ್ಲಿ ಬಿಡುತ್ತದೆ ಎಂಬುದನ್ನು. ತುಕ್ಕು ಹತ್ತುವುದು ಅಲ್ಲಿಂದಲೇ.

ಮನೆಯಲ್ಲಿ ಮೊದಲು ಇರಬೇಕಾದ್ದು ಹ್ಯಾಕ್ಸಾ. ಐಟಿಐ ಫಿಟ್ಟರ್ ತರಬೇತಿಯಲ್ಲಿ ಅರದ ಜೊತೆಗೆ ಮೊದಮೊದಲೇ ಕೈಗೆ ಕೊಡುವ ಹತಾರವೂ ಇದೇ. ಕೈಗರಗಸದ ಬ್ಲೇಡು ಸಾಮಾನ್ಯವಾಗಿ 300 ಮಿ.ಮೀ. ಉದ್ದ ಇರುತ್ತದೆ. ಅಂಗಡಿಯಲ್ಲಿ ಕೇಳಬೇಕಾದ್ದು ಇಂಚಿಗೆ ಎಷ್ಟು ಹಲ್ಲು ಎಂದು. 14, 18, 24, 32 ಹಲ್ಲಿನವು ಚಾಲ್ತಿಯಲ್ಲಿವೆ. ಕೊಯ್ಯುವಾಗ ಲೋಹದ ದಪ್ಪದ ಮೇಲೆ ಕನಿಷ್ಠ ಮೂರು ಹಲ್ಲು ಕೂತಿರಬೇಕೆಂಬುದು ಫಿಟ್ಟರುಗಳ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ಎರಡು ಹಲ್ಲುಗಳ ನಡುವಿನ ಸಂದಿಗೆ ಲೋಹ ಸಿಕ್ಕಿ, ಒಂದೇ ತಳ್ಳಿಗೆ ಹಲ್ಲು ಉದುರುತ್ತದೆ. 32 ಹಲ್ಲಿನದಕ್ಕೆ ಸುಮಾರು 2.4 ಮಿ.ಮೀ., 24ರದಕ್ಕೆ 3.2, 18ರದಕ್ಕೆ 4.2, 14ರದಕ್ಕೆ 5.4 ಮಿ.ಮೀ. ದಪ್ಪ ಬೇಕೆಂದಾಯಿತು. ಐಎಸ್ 1239 ಪ್ರಕಾರ ಒಂದು ಇಂಚಿನ ಮೀಡಿಯಂ ಜಿಐ ಪೈಪಿನ ಗೋಡೆ 3.2 ಮಿ.ಮೀ. ಅಂದರೆ ತೋಟದ ಪೈಪಿಗೆ 24 ಹಲ್ಲಿನ ಬ್ಲೇಡು ಸರಿಯಾಗಿ ಹೊಂದುತ್ತದೆ. ಅರ್ಧ ಇಂಚಿನ ಮೀಡಿಯಂ ಪೈಪು 2.6 ಮಿ.ಮೀ., ಅದಕ್ಕೆ 32ರದೇ ಆಗಬೇಕು. ಶೀಟಿನ ಮಾಡಿಗೆ ಬಳಸುವ 1.6 ಮಿ.ಮೀ. ಸ್ಕ್ವೇರ್ ಪೈಪಿಗೆ 32 ಹಲ್ಲಿನದೂ ಸಾಲದು. ಅಲ್ಲಿ ಬ್ಲೇಡನ್ನು ಓರೆಯಾಗಿ ಹಿಡಿದು ಒಂದೊಂದೇ ಬದಿಯನ್ನು ಕೊಯ್ಯುತ್ತ, ಪೈಪನ್ನು ವೈಸಿನಲ್ಲಿ ತಿರುಗಿಸಿಕೊಳ್ಳಬೇಕು. ತೆಳು ತಗಡನ್ನು ಎರಡು ಪ್ಲೈವುಡ್ ತುಂಡುಗಳ ನಡುವೆ ಇಟ್ಟು ಬಿಗಿದು, ಮರದ ಸಮೇತ ಕೊಯ್ಯುವುದು ಹಳೆಯ, ಒಳ್ಳೆಯ ಉಪಾಯ.

ಬ್ಲೇಡಿನ ಉಕ್ಕಿನಲ್ಲೂ ಭೇದವಿದೆ. ಸಾದಾ ಕಾರ್ಬನ್ ಉಕ್ಕಿನದು ಅಗ್ಗ, ಆದರೆ ಬಿಸಿಯೇರಿದರೆ ಹಲ್ಲು ಮೆತ್ತಗಾಗುತ್ತದೆ. ಹೈಸ್ಪೀಡ್ ಉಕ್ಕು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೂ ಗಡಸು ಬಿಡುವುದಿಲ್ಲ. ಪೂರ್ತಿ ಅದರಲ್ಲೇ ಮಾಡಿದ ಬ್ಲೇಡು ನೇರವಾಗಿ ಕೊಯ್ಯುತ್ತದೆ, ಕೈ ಸ್ವಲ್ಪ ತಿರುಚಿದರೆ ಮಾತ್ರ ಪಟ್ಟನೆ ಮುರಿಯುತ್ತದೆ. ಬೈಮೆಟಲ್ ಬ್ಲೇಡಿನಲ್ಲಿ ಹಲ್ಲಿನ ಅಂಚು ಹೈಸ್ಪೀಡ್ ಉಕ್ಕಿನದು, ಬೆನ್ನು ಸ್ಪ್ರಿಂಗ್ ಉಕ್ಕಿನದು. ಅದು ಬಾಗುತ್ತದೆ, ಮುರಿಯುವುದು ಅಪರೂಪ. ದಿನವೂ ಈ ಕೆಲಸ ಮಾಡದವರು ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಇದನ್ನೇ ಕೊಳ್ಳುವುದು ಲೇಸು.

ಹಲ್ಲಿನ ಮೊನೆ ಹಿಡಿಕೆಯಿಂದ ಆಚೆಗೆ, ಮುಂದಕ್ಕೆ ಮುಖ ಮಾಡಿರಬೇಕು. ಕೊಯ್ಯುವುದು ಮುಂದೆ ತಳ್ಳುವಾಗ; ಹಿಂದೆಳೆಯುವಾಗ ಒತ್ತಿದರೆ ಹಲ್ಲು ಮೊಂಡಾಗುವುದಷ್ಟೇ ಲಾಭ. ನಿಮಿಷಕ್ಕೆ 40ರಿಂದ 60 ತಳ್ಳು ಸಾಕು. ಬ್ಲೇಡು ಸಡಿಲವಿದ್ದರೆ ಗೆರೆ ಬಿಟ್ಟು ಓಡುತ್ತದೆ. ಬಿಗಿದ ಬ್ಲೇಡನ್ನು ಬೆರಳಲ್ಲಿ ಮೀಟಿದರೆ ಟಣ್ ಎನ್ನಬೇಕು. ಹಲ್ಲುಗಳು ಎಡಬಲಕ್ಕೆ ತುಸು ಬಾಗಿರುವುದರಿಂದ ಸೀಳು ಬ್ಲೇಡಿಗಿಂತ ಅಗಲವಾಗಿ ಬೀಳುತ್ತದೆ, ಬ್ಲೇಡು ಸಿಕ್ಕಿಬೀಳದೆ ಓಡಾಡುವುದು ಅದರಿಂದಲೇ. ಸವೆದ ಬ್ಲೇಡಿನ ಸೀಳು ಕಿರಿದು. ಆದ್ದರಿಂದ ಕೊಯ್ತದ ನಡುವೆ ಬ್ಲೇಡು ಮುರಿದರೆ ಹೊಸದನ್ನು ಅದೇ ಸೀಳಿಗೆ ತುರುಕಬಾರದು. ತುಂಡನ್ನು ತಿರುಗಿಸಿ ಎದುರು ಬದಿಯಿಂದ ಶುರುಮಾಡಬೇಕು.

ಇನ್ನು ನಾಲ್ಕಿಂಚಿನ ಗ್ರೈಂಡರ್. ವೆಲ್ಡಿಂಗ್ ಅಂಗಡಿಯಿಂದ ಮನೆಮನೆಗೆ ಬಂದ ಯಂತ್ರವಿದು. ದಪ್ಪ ಆ್ಯಂಗಲ್, ಸರಳು, ಮೈಲ್ಡ್ ಸ್ಟೀಲ್ ಪೈಪುಗಳಿಗೆ ಇದಕ್ಕೆ ಸಾಟಿಯಿಲ್ಲ. 1 ಮಿ.ಮೀ. ದಪ್ಪದ ವೀಲ್ ಸಣ್ಣ ಸೀಳಲ್ಲಿ, ಕಡಿಮೆ ಬಿಸಿಯಲ್ಲಿ ಕೊಯ್ಯುತ್ತದೆ. ಆದರೆ ಬಣ್ಣದ ಮಾಡಿನ ಶೀಟನ್ನು ಇದರಿಂದ ಕೊಯ್ಯುವುದು ನಮ್ಮ ಕರಾವಳಿಯಲ್ಲಿ ಕಣ್ಣಾರೆ ಕಾಣುವ ದೊಡ್ಡ ತಪ್ಪು. ಗ್ಯಾಲ್ವಾಲ್ಯೂಮ್ ಶೀಟಿನ ಲೇಪದಲ್ಲಿ ಶೇ. 55ರಷ್ಟು ಅಲ್ಯೂಮಿನಿಯಂ ಇದೆ, ಉಳಿದದ್ದು ಬಹುಪಾಲು ಸತು. ವೀಲ್ ತಗುಲಿದ ಕಡೆ ಆ ಲೇಪವೂ ಮೇಲಿನ ಬಣ್ಣವೂ ಸುಡುತ್ತವೆ. ಕೆಂಪಗೆ ಕಾದ ಕಬ್ಬಿಣದ ಕಿಡಿಗಳು ಸುತ್ತಲಿನ ಬಣ್ಣದೊಳಗೆ ಹೂತು ಕೂರುತ್ತವೆ. ಮೊದಲ ಮಳೆ ಬಿದ್ದು ಕೆಲವೇ ದಿನಕ್ಕೆ ಅಂಚಿನುದ್ದಕ್ಕೂ ಸಾಸಿವೆಯಷ್ಟು ಕಂದು ಚುಕ್ಕೆಗಳು ಏಳುತ್ತವೆ, ಆಮೇಲೆ ಕಲೆ ಕೆಳಕ್ಕೆ ಇಳಿಯುತ್ತದೆ. ಇಂಥ ಶೀಟಿಗೆ ತಗಡು ಕತ್ತರಿ ಅಥವಾ ತಗಡನ್ನು ಚೂರುಚೂರಾಗಿ ಕಚ್ಚಿ ತೆಗೆಯುವ ನಿಬ್ಲರ್ ಸರಿ. ಕತ್ತರಿಸಿದ ಚೂರುಗಳನ್ನು ಅಂದೇ ಗುಡಿಸಿ ತೆಗೆಯಬೇಕು. ಜಿಗ್‌ಸಾ ಬಳಸುವವರು 1ರಿಂದ 3 ಮಿ.ಮೀ. ತಗಡಿಗೆ ಟಿ118ಎ, ಅದಕ್ಕೂ ತೆಳುವಿಗೆ ಟಿ118ಜಿ ಬ್ಲೇಡು ಕೇಳಿ ಪಡೆಯಬಹುದು. ಜಿಐ ಪೈಪನ್ನು ಯಾವುದರಿಂದ ಕೊಯ್ದರೂ ಬರಿದಾದ ಅಂಚಿಗೆ ಅಂದೇ ಸತುವಿನ ಪ್ರೈಮರ್ ಬಳಿಯಬೇಕು.

ಸ್ಟೇನ್‌ಲೆಸ್ ಸ್ಟೀಲಿನ ಕಥೆ ಇನ್ನೂ ಸೂಕ್ಷ್ಮ. ಗೇಟಿನ 304 ಆಗಲಿ, ಉಪ್ಪುನೀರಿಗೆ ಒಗ್ಗುವ, ಮಾಲಿಬ್ಡಿನಂ ಬೆರೆತ 316 ಆಗಲಿ, ಕಬ್ಬಿಣ ಕೊಯ್ದ ಬ್ಲೇಡನ್ನೋ ವೀಲನ್ನೋ ಅದಕ್ಕೆ ಹಚ್ಚಿದರೆ ಕಬ್ಬಿಣದ ಪುಡಿ ಅಂಟಿಕೊಂಡು ತುಕ್ಕಿನ ಚುಕ್ಕೆ ಬರುತ್ತದೆ. ಬೈಸಿಕೊಳ್ಳುವುದು ಮಾತ್ರ ಸ್ಟೀಲು. ಇದಕ್ಕೆ ಬೇರೆಯೇ ಬ್ಲೇಡು, 'ಐನಾಕ್ಸ್' ಎಂದು ಮುದ್ರಿಸಿದ ವೀಲ್ ಇಟ್ಟುಕೊಳ್ಳಬೇಕು. ಸ್ಟೀಲನ್ನು ಸುಮ್ಮನೆ ಉಜ್ಜಿದರೆ ಮೇಲ್ಮೈ ಇನ್ನಷ್ಟು ಗಡಸಾಗುತ್ತದೆ, ಆದ್ದರಿಂದ ನಿಧಾನ ತಳ್ಳಿ, ಗಟ್ಟಿ ಒತ್ತಿ. ಅಲ್ಯೂಮಿನಿಯಂ ಆದರೋ, ಉಜ್ಜುವ ವೀಲಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಅದಕ್ಕೆ ದೊಡ್ಡ ಹಲ್ಲು, ಒಂದಿಷ್ಟು ಸೀಮೆಎಣ್ಣೆ. ಹಿತ್ತಾಳೆಗೆ ಹೊಸ ಬ್ಲೇಡನ್ನೇ ಬಳಸಿ, ಅದರ ಮೊನೆ ಇಳಿದ ಮೇಲೆ ಕಬ್ಬಿಣಕ್ಕೆ ಇಳಿಸುವುದು ರೂಢಿ.

14 ಇಂಚಿನ ಕಟಿಂಗ್ ಮೆಷಿನ್ ಮನೆಗೆ ಬೇಕೇಬೇಕೆಂದಿಲ್ಲ. ಇದ್ದವರು ಒಂದು ಮಾತು ಮರೆಯಬಾರದು: ಉಜ್ಜುವ ವೀಲಿನ ಯಂತ್ರ ನಿಮಿಷಕ್ಕೆ 3800ರ ಆಸುಪಾಸಿನಲ್ಲಿ ಸುತ್ತುತ್ತದೆ, ಕಾರ್ಬೈಡ್ ಹಲ್ಲಿನ ಬ್ಲೇಡಿಗೆ ಬೇಕಾದ್ದು ಸುಮಾರು 1300. ಈ ಬ್ಲೇಡನ್ನು ಆ ಯಂತ್ರಕ್ಕೆ ತೊಡಿಸಿದರೆ ಹಲ್ಲು ಗುಂಡಿನಂತೆ ಹಾರುತ್ತದೆ. ಮರ ಕೊಯ್ಯುವ ಹಲ್ಲಿನ ಚಕ್ರವನ್ನು ಚಿಕ್ಕ ಗ್ರೈಂಡರಿಗೆ ಹಾಕುವುದಂತೂ ಕೈಕಾಲು ಕಳೆದುಕೊಳ್ಳುವ ದಾರಿ.

ಗ್ರೈಂಡರಿನ ಗಾರ್ಡ್ ಬಿಚ್ಚಬಾರದು, ಕನ್ನಡಕವಿಲ್ಲದೆ ಸ್ವಿಚ್ ಒತ್ತಬಾರದು. ಕಿಡಿ ಹಾರುವ ಕಡೆ ಹುಲ್ಲಿನ ಕುತ್ತರಿ, ಒಣ ಮಡಲು ಇರಬಾರದು. ಮಳೆಗಾಲದಲ್ಲಿ ನೆಲ ಒದ್ದೆಯಿರುವುದರಿಂದ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದ ಪ್ಲಗ್ಗಿಗೆ ಯಂತ್ರ ಜೋಡಿಸಬಾರದು. 100 ಮಿ.ಮೀ. ವೀಲಿನ ಮೇಲೆ ಗರಿಷ್ಠ ವೇಗವೆಂದು ಸಾಮಾನ್ಯವಾಗಿ ನಿಮಿಷಕ್ಕೆ 15,300 ಸುತ್ತು ಎಂದು ಬರೆದಿರುತ್ತದೆ. ಯಂತ್ರದ ವೇಗ ಅದನ್ನು ಮೀರಬಾರದು. ನಡುವಿನ ಲೋಹದ ಬಳೆಯ ಮೇಲೆ ಅವಧಿಯ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಈ ವೀಲುಗಳ ಹರಳನ್ನು ಹಿಡಿದಿಡುವುದು ರೆಸಿನ್ ಅಂಟು. ತೇವ ಕುಡಿದರೆ ಅದು ಸಡಿಲವಾಗುತ್ತದೆ. ಆಷಾಢದ ತಂಡಿಯಲ್ಲಿ ಕೊಟ್ಟಿಗೆಯ ಗೋಡೆಗೆ ನೇತುಹಾಕಿದ ವೀಲು ಅವಧಿಗೆ ಮುಂಚೆಯೇ ಕೆಡಬಹುದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯ ಶಾಖ ತಾಗದ ಒಣ ಕಪಾಟಿನಲ್ಲಿ ಮಲಗಿಸಿ ಇಡಬೇಕು. ಹ್ಯಾಕ್ಸಾ ಬ್ಲೇಡುಗಳಿಗೆ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಟ್ಟರೆ ಸಾಕು.