ಎರಡು ಲಿವರುಗಳ ಸಾಕ್ಷ್ಯ: ಹಳೆಯ ಅಮೆರಿಕನ್ ಲಾರಿಗಳ ಗೇರುಪೆಟ್ಟಿಗೆಗಳನ್ನು ಓದುವ ಬಗೆ

ಸಾರಿಗೆಯ ಇತಿಹಾಸವನ್ನು ಬರೆದವರು ರಸ್ತೆಗಳನ್ನೂ ಎಂಜಿನುಗಳನ್ನೂ ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಅವೆರಡರ ನಡುವೆ ನಿಂತು ದುಡಿದ ಗೇರುಪೆಟ್ಟಿಗೆಯ ವಿಷಯ ಬಂದಾಗ ಮಾತ್ರ ಒಂದೆರಡು ವಾಕ್ಯಗಳಿಗೆ ತೃಪ್ತರಾಗುತ್ತಾರೆ. ಇದನ್ನು ಅಲಕ್ಷ್ಯವೆಂದೇ ಹೇಳಬೇಕಾಗುತ್ತದೆ. ಕಳೆದ ಶತಮಾನದ ಮಧ್ಯಭಾಗದ ಅಮೆರಿಕನ್ ಲಾರಿಯೊಂದು ಎಂಥ ಹೊರೆಗಾಗಿ ಸಿದ್ಧವಾಗಿತ್ತು, ಅದನ್ನು ನಡೆಸುವವನಲ್ಲಿ ಎಷ್ಟು ಕೌಶಲವನ್ನು ನಿರೀಕ್ಷಿಸಿತ್ತು ಎಂಬುದಕ್ಕೆ ಗೇರುಪೆಟ್ಟಿಗೆಗಿಂತ ನೇರವಾದ ಸಾಕ್ಷಿ ದೊರೆಯುವುದು ಕಷ್ಟ. ಆದರೆ ಈ ಸಾಕ್ಷಿಯನ್ನು ತಪ್ಪಾಗಿ ಓದುವುದು ಬಹು ಸುಲಭ. ಶಾಸನವೊಂದರಲ್ಲಿ ಕೆತ್ತಿರುವ ಕಾಲವನ್ನು ಅದರ ಲಿಪಿಯೊಡನೆ ಹೋಲಿಸಿ ನೋಡದೆ ನಾವು ಒಪ್ಪುವುದಿಲ್ಲವಷ್ಟೆ. ಇಲ್ಲಿಯೂ ಅದೇ ಎಚ್ಚರ ಅಗತ್ಯ.

ಮೊದಲು, ಅಷ್ಟೊಂದು ಗೇರುಗಳು ಏಕೆ ಬೇಕಾದುವು ಎಂಬುದನ್ನು ವಿಚಾರಮಾಡೋಣ. ಮ್ಯಾಕ್ ಕಂಪನಿಯ ಬಿ ಮಾದರಿಯ ಲಾರಿಗಳು 1953ರಲ್ಲಿ ಹೊರಬಂದುವು. ಅವುಗಳಲ್ಲಿ ಪ್ರಸಿದ್ಧವಾದ ಥರ್ಮೊಡೈನ್ ಡೀಸೆಲ್ ಎಂಜಿನಿನ ಶಕ್ತಿ 170 ಅಶ್ವಶಕ್ತಿ. ಅದರ ವೇಗದ ಮೇಲ್ಮಿತಿ ನಿಮಿಷಕ್ಕೆ ಸುಮಾರು 2,100 ಸುತ್ತು. ಅಂದಿನ ಡೀಸೆಲ್ ಎಂಜಿನುಗಳ ಉಪಯುಕ್ತ ಶಕ್ತಿಯೆಲ್ಲ ಈ ಮೇಲ್ಮಿತಿಯ ಕೆಳಗಿನ ಒಂದು ಕಿರಿದಾದ ಪಟ್ಟಿಯಲ್ಲಿ ಅಡಗಿತ್ತು. ಏರುದಾರಿಯಲ್ಲಿ ಸುತ್ತುಗಳು ಆ ಪಟ್ಟಿಯಿಂದ ಕೆಳಗಿಳಿದರೆ ಲಾರಿ ಸೋತಂತೆಯೇ. ಆದುದರಿಂದ ಗೇರುಗಳ ಮೆಟ್ಟಿಲುಗಳು ಒಂದಕ್ಕೊಂದು ಹತ್ತಿರವಿರಬೇಕಾಯಿತು, ಹತ್ತಿರವಿದ್ದುದರಿಂದ ಅನೇಕವಾಗಬೇಕಾಯಿತು. ಐದು ಗೇರುಗಳ ಮುಖ್ಯಭಾಗದ ಹಿಂದೆ ಇನ್ನೊಂದು ಸಹಾಯಕ ಭಾಗವನ್ನು ಜೋಡಿಸಿ ಗುಣಿಸುವುದೇ ಇದಕ್ಕೆ ಕಂಡುಕೊಂಡ ಉಪಾಯ. ಹಿಂಭಾಗದ ಗೇರುಗಳು ಎರಡು, ಮೂರು, ನಾಲ್ಕು ಇದ್ದಂತೆ ಮ್ಯಾಕ್ ಕಂಪನಿಯವರು ಡ್ಯೂಪ್ಲೆಕ್ಸ್, ಟ್ರಿಪ್ಲೆಕ್ಸ್, ಕ್ವಾಡ್ರುಪ್ಲೆಕ್ಸ್ ಎಂದು ಹೆಸರಿಟ್ಟರು. ಒಟ್ಟು ಗೇರುಗಳು ಕ್ರಮವಾಗಿ 10, 15, 20.

ಆದರೆ ಈ 20 ಎಂಬುದು ಗಣಿತದ ಸಂಖ್ಯೆ. ರಸ್ತೆಯ ಸಂಖ್ಯೆ ಬೇರೆ. ಎರಡು ಭಾಗಗಳ ಪ್ರಮಾಣಗಳನ್ನು ಗುಣಿಸಿದಾಗ ಕೆಲವು ಫಲಗಳು ಒಂದರ ಮೇಲೊಂದು ಬೀಳುವುದುಂಟು. ಕ್ರಮವಾಗಿ ಮೇಲೇರುವ ಚಾಲಕನಿಗೆ ಅಂಥವುಗಳಿಂದ ಪ್ರಯೋಜನವಿಲ್ಲ. ತಯಾರಕರ ಪ್ರಚಾರದ ಸಂಖ್ಯೆಯನ್ನೇ ಉಪಯೋಗದ ಸಂಖ್ಯೆಯೆಂದು ಬರೆದುಕೊಳ್ಳುವ ದೋಷ ಇತಿಹಾಸಕಾರರಿಗೆ ಹೊಸತೇನೂ ಅಲ್ಲ.

ಇನ್ನು ಗುರುತಿಸುವ ಮಾತು. ಎರಡು ಲಿವರುಗಳನ್ನು ಕಂಡೊಡನೆ ಎರಡು ಗೇರುಪೆಟ್ಟಿಗೆಗಳಿವೆಯೆಂದು ನಿರ್ಣಯಿಸಬಾರದು. ಮ್ಯಾಕ್ ಲಾರಿಗಳ ಮೇಲಿನ ಮೂರು ಮಾದರಿಗಳಲ್ಲಿ ಎರಡು ಭಾಗಗಳೂ ಕೂಡಿ ಒಂದೇ ಘಟಕವಾಗಿವೆ. ಇತರ ಅನೇಕ ಲಾರಿಗಳಲ್ಲಿ ಸಹಾಯಕ ಪೆಟ್ಟಿಗೆ ಬೇರೆಯಾಗಿ ಚೌಕಟ್ಟಿನ ಮೇಲೆ ಹಿಂದಕ್ಕೆ ಕುಳಿತಿದ್ದು, ಒಂದು ಮೋಟು ದಂಡದಿಂದ ಮುಖ್ಯಪೆಟ್ಟಿಗೆಗೆ ಸೇರಿರುತ್ತದೆ. ಅಮೆರಿಕದ ಚಾಲಕರು ಇದನ್ನು ‘ಬ್ರೌನಿ’ ಎಂದು ಕರೆಯುತ್ತಿದ್ದರು. ಬ್ರೌನ್-ಲೈಪ್ ಎಂಬ ಹಳೆಯ ತಯಾರಕರ ಹೆಸರು ಸವೆದು ಹೀಗಾಯಿತು. ಆ ಸಂಸ್ಥೆ ಸ್ಪೈಸರ್ ಸಂಸ್ಥೆಯಲ್ಲಿ ಲೀನವಾದ ಮೇಲೂ ಚಾಲಕರ ನಾಲಗೆಯಲ್ಲಿ ಹೆಸರು ಉಳಿಯಿತು. ಹೆಚ್ಚಿನ ಲಿವರು ಕೆಲವೊಮ್ಮೆ ಹಗ್ಗ ಸೆಳೆಯುವ ವಿಂಚಿಗೋ ಇತರ ಉಪಯಂತ್ರಕ್ಕೋ ಸೇರಿದ್ದೂ ಆಗಿರಬಹುದು. ಇದಕ್ಕೆ ವಿರುದ್ಧವಾಗಿ, ಎರಡನೆಯ ಲಿವರೇ ಇಲ್ಲದ ಲಾರಿಯಲ್ಲಿ ಒಂದು ಗುಂಡಿಯಿಂದ ನಡೆಯುವ ಇಬ್ಬಗೆಯ ವೇಗದ ಹಿಂದಿನ ಅಚ್ಚು ಇದ್ದರೆ ಗೇರುಗಳು ಇಮ್ಮಡಿಯಾಗುತ್ತವೆ. ಆಸನದ ಮೇಲೆ ಕುಳಿತು ಇವು ಯಾವುವೂ ತಿಳಿಯುವುದಿಲ್ಲ. ಲಾರಿಯ ಕೆಳಗೆ ಮಲಗಲೇಬೇಕು.

ಕೆಳಗೆ ಮಲಗಿದವನಿಗೂ ಮೋಸವಾಗಬಹುದು. ಎರಕದಲ್ಲಿ ಮೂಡಿರುವ ಅಂಕಿ ಆ ಒಂದು ಬಿಡಿಭಾಗದ್ದು. ಅದನ್ನೇ ಪೆಟ್ಟಿಗೆಯ ಮಾದರಿಯೆಂದು ಭಾವಿಸುವವರು ಬಹಳ. ಲಿವರಿನ ತಲೆಯ ಮೇಲಿನ ನಕ್ಷೆಯಂತೂ ಯಾರು ಬೇಕಾದರೂ ತಿರುಗಿಸಿ ಬದಲಿಸಬಹುದಾದದ್ದು. ತಯಾರಕರ ತಗಡು ಉಳಿದಿದ್ದರೆ ಅದು ಹೆಚ್ಚು ಮಾನ್ಯ. ಉದಾಹರಣೆಗೆ, ಫುಲ್ಲರ್ ಸಂಸ್ಥೆಯ ಆರ್‌ಟಿ-910 ಎಂಬ ಹೆಸರಿನಲ್ಲಿ ‘ಆರ್’ ಎಂದರೆ ರೋಡ್‌ರೇಂಜರ್, ‘ಟಿ’ ಎಂದರೆ ಜೋಡಿ ಉಪದಂಡ, ಕೊನೆಯ 10 ಗೇರುಗಳ ಸಂಖ್ಯೆ. ‘ಒ’ ಅಕ್ಷರ ಸೇರಿದ್ದರೆ ಓವರ್‌ಡ್ರೈವ್, ಅಂದರೆ ಎಂಜಿನಿಗಿಂತ ಹೊರದಂಡವೇ ವೇಗವಾಗಿ ತಿರುಗುವ ಗೇರು ಉಂಟೆಂದು ತಿಳಿಯಬೇಕು. ತಗಡಿಲ್ಲದಿದ್ದರೆ ಕೈಯಿಂದ ತಿರುಗಿಸಿ ಎಣಿಸುವುದೇ ನಿಜವಾದ ಪರೀಕ್ಷೆ. ಒಳದಂಡ ಒಂದು ಸುತ್ತು ಬರುವಷ್ಟರಲ್ಲಿ ಹೊರದಂಡವೂ ಒಂದೇ ಸುತ್ತು ಬಂದರೆ ಅದು ನೇರ ಗೇರು. ಹೆಚ್ಚು ಬಂದರೆ ಓವರ್‌ಡ್ರೈವ್.

ಇಲ್ಲಿ ಒಂದು ಸ್ವಾರಸ್ಯವಿದೆ. ಐದು ಗೇರುಗಳ ಅನೇಕ ಓವರ್‌ಡ್ರೈವ್ ಪೆಟ್ಟಿಗೆಗಳಲ್ಲಿ ನಾಲ್ಕನೆಯ ಮತ್ತು ಐದನೆಯ ಗೇರುಗಳ ಸ್ಥಾನಗಳು ಅದಲುಬದಲಾಗಿರುತ್ತವೆ. ನೇರ ಗೇರು ಯಾವಾಗಲೂ ಪೆಟ್ಟಿಗೆಯ ಮುಂತುದಿಯಲ್ಲಿ ಒಳದಂಡದೊಡನೆ ಕೂಡಿಕೊಳ್ಳುವುದರಿಂದ ಅದರ ಸ್ಥಾನ ಬದಲಾಗುವುದಿಲ್ಲ. ನೇರದ್ದು ಐದನೆಯದಾಗಿರುವ ಬದಲು ನಾಲ್ಕನೆಯದಾದಾಗ ಎಣಿಕೆ ಮಾತ್ರ ಬದಲಾಗುತ್ತದೆ. ಚಾಲಕನ ಕೈಗೆ ವಿಚಿತ್ರವೆನಿಸುವ ಈ ಚಲನೆ ಒಳಗಿನ ರಚನೆಯನ್ನು ಹೊರಗೆ ಹೇಳಿಬಿಡುತ್ತದೆ.

ಚಾಲಕನ ಶ್ರಮವನ್ನು ಕುರಿತು ದಾಖಲೆಗಳು ಸಾಮಾನ್ಯವಾಗಿ ಮೌನವಾಗಿವೆ. ಕಾರುಗಳಲ್ಲಿ 1928ರಿಂದಲೇ, ಕ್ಯಾಡಿಲಾಕ್ ಮೂಲಕ, ಸಿಂಕ್ರೊಮೆಶ್ ಬಂದಿತ್ತು. ಹಲ್ಲುಗಳು ಕೂಡುವ ಮೊದಲು ಅವುಗಳ ವೇಗವನ್ನು ಅದೇ ಹೊಂದಿಸುತ್ತಿತ್ತು. ಈ ಲಾರಿಗಳ ಪೆಟ್ಟಿಗೆಗಳಲ್ಲಿ ಆ ಹೊಂದಿಕೆಯನ್ನು ಮಾಡಬೇಕಾದವನು ಚಾಲಕ. ಕ್ಲಚ್ಚನ್ನು ಒತ್ತಿ ಗೇರು ಬಿಡಿಸಬೇಕು. ಕ್ಲಚ್ಚು ಬಿಟ್ಟು, ಇಳಿಯುವ ಗೇರಾದರೆ ಎಂಜಿನಿನ ವೇಗವನ್ನು ಕಿವಿಯಿಂದಲೇ ಅಳೆದು ಏರಿಸಬೇಕು. ಮತ್ತೆ ಒತ್ತಿ ಕೂಡಿಸಬೇಕು. ಎರಡು ಲಿವರುಗಳನ್ನೂ ಒಮ್ಮೆಗೇ ಚಲಿಸಬೇಕಾದಾಗ ಎಡತೋಳನ್ನು ಸ್ಟೀರಿಂಗ್ ಚಕ್ರದ ಒಳಗೆ ತೂರಿಸಿ, ಲಾರಿಯನ್ನು ತೋಳಿನಿಂದ ನಿಲ್ಲಿಸಿಕೊಂಡು, ಎರಡು ಕೈಗಳಿಂದಲೂ ಗೇರು ಬದಲಿಸುತ್ತಿದ್ದರು. ಅಪಾಯಕರವಾದ ಈ ವಿದ್ಯೆಯನ್ನು ವೀರಗಾಥೆಯಾಗಿ ಹೇಳುವುದು ಈಗಿನ ರೂಢಿ. ಎಂಜಿನಿನ ಕೊರತೆಯನ್ನು ಕೂಲಿಯವನ ತೋಳಿನಿಂದ ತುಂಬಿಸಿಕೊಂಡರೆಂದು ಹೇಳುವುದೇ ಹೆಚ್ಚು ಸರಿಯೆಂದು ನಮಗೆ ತೋರುತ್ತದೆ.

1950ರ ದಶಕದ ಆರಂಭದಲ್ಲಿ ಮಿಷಿಗನ್ ಸಂಸ್ಥಾನದ ಕಲಮಜೂ ನಗರದ ಫುಲ್ಲರ್ ಸಂಸ್ಥೆ ತಂದ ರೋಡ್‌ರೇಂಜರಿನಲ್ಲಿ ಲಿವರು ಒಂದೇ. ಹಿಂಭಾಗವನ್ನು ಅದುಮಿದ ಗಾಳಿ ಬದಲಿಸುತ್ತಿತ್ತು. ಅದೇ ಐದು ಸ್ಥಾನಗಳನ್ನು ಎರಡು ಬಾರಿ ಸುತ್ತಿದರೆ ಹತ್ತು ಗೇರು. 1958ರಲ್ಲಿ ಈ ಸಂಸ್ಥೆ ಈಟನ್ ಸಂಸ್ಥೆಗೆ ಸೇರಿತು. 1960ರ ದಶಕದಲ್ಲಿ ಬಂದ ಜೋಡಿ ಉಪದಂಡಗಳ ಪೆಟ್ಟಿಗೆ ಹೊರೆಯನ್ನು ಎರಡು ಕಡೆ ಹಂಚಿ, ಹಲ್ಲುಚಕ್ರಗಳನ್ನು ತೆಳ್ಳಗಾಗಿಸಿ, ಅಡ್ಡಕ್ಕೆ ಅಗಲವಾಗಿಯೂ ಉದ್ದಕ್ಕೆ ಗಿಡ್ಡವಾಗಿಯೂ ರೂಪುಗೊಂಡಿತು. ಇದನ್ನು ಹೊರನೋಟದಿಂದಲೇ ಗುರುತಿಸಬಹುದು. ಮ್ಯಾಕ್ ಕಂಪನಿಯಾದರೋ ಎಂಜಿನನ್ನೇ ತಿದ್ದಿತು. 1966ರ ಮ್ಯಾಕ್ಸಿಡೈನ್ ಎಂಜಿನು ತನ್ನ 237 ಅಶ್ವಶಕ್ತಿಯನ್ನು ಸುತ್ತುಗಳ ವಿಶಾಲ ವ್ಯಾಪ್ತಿಯಲ್ಲಿ ಹೆಚ್ಚುಕಡಮೆ ಸಮನಾಗಿ ಕೊಡುತ್ತಿದ್ದುದರಿಂದ, ಅದರೊಡನೆ ಬಂದ ಪೆಟ್ಟಿಗೆಗೆ ಐದೇ ಗೇರುಗಳು ಸಾಕಾದುವು.

ಈ ಕಾಲಕ್ರಮ ತಿಳಿದವನಿಗೆ, 1953ರ ಲಾರಿಯಲ್ಲಿ ಜೋಡಿ ಉಪದಂಡದ ಪೆಟ್ಟಿಗೆ ಕಂಡರೆ ಅದು ಮೂಲದ್ದಲ್ಲವೆಂದು ತಟ್ಟನೆ ತಿಳಿಯುತ್ತದೆ. ನವೀಕರಣಕ್ಕೆ ತೊಡಗಿದವರು ಅಂಥದನ್ನು ಕಿತ್ತು ಎಸೆದು ‘ಮೂಲ’ದ್ದನ್ನು ಕೂಡಿಸಲು ಆತುರಪಡುತ್ತಾರೆ. ಆ ಲಾರಿ ಹತ್ತು ವರ್ಷ ದುಡಿದ ಮೇಲೂ ಯಾರೋ ಒಬ್ಬನು ಹಣ ತೆತ್ತು ಎರಡನೆಯ ಲಿವರಿನಿಂದ ಬಿಡುಗಡೆ ಪಡೆದನೆಂಬುದಕ್ಕೆ ಆ ಪೆಟ್ಟಿಗೆಯೊಂದೇ ದಾಖಲೆಯಾಗಿರಬಹುದು. ತೆಗೆಯುವ ಮೊದಲು ಅದರ ತಗಡಿನ ಅಕ್ಷರಗಳನ್ನಾದರೂ ಬರೆದಿಟ್ಟುಕೊಳ್ಳಬೇಕು.